ಚಳಿಗಾಲದ ಘಾಟಿ

ಹೋದ ಚಳಿಗಾಲ ಘಾಟಿಯಲ್ಲಿ ನಾಯಿ ಅಡ್ಡ ಬಂದು ಅವನು ಓಡಿಸುತ್ತಿದ್ದ ಹಳೇ ಕಾರು ಚರಂಡಿಗಿಳಿದಿತ್ತು. ನಾಯಿಯನ್ನು ನೋಡಿದ್ದು ಹೆಂಡತಿ ಮಾತ್ರ. ಕಾರಿನ ಹೀಟರ್ ಕೆಟ್ಟದ್ದೂ ಅಂದಿನಿಂದಲೇ. ಬೆಳಗಿನ ಜಾವ ತಮ್ಮ ಹೋಟೆಲಿನ ಬಾಗಿಲು ತೆಗೆಯಲು ಹೋಗುವಾಗ ಪಕ್ಕದ ಸೀಟಿನಲ್ಲಿ ಅವಳು ಗಡಗಡ ನಡುಗುವುದನ್ನು ನೋಡಲಾರದೆ, ಸತತ ಮೂರನೆಯ ಭಾನುವಾರವೂ ಅವನು ಅಂಗಳದಲ್ಲಿ ಹೀಟರ್ ಬಿಚ್ಚಿಕೊಂಡು ಕೂತಿದ್ದ. ನೀರಿನ ಪೈಪು ಬದಲಾಯಿಸಿದ್ದಾಗಿತ್ತು. ಫ್ಯಾನ್ ಸದ್ದು ಮಾಡುತ್ತಿತ್ತೇ ಹೊರತು ಗಾಳಿ ಬರುತ್ತಿರಲಿಲ್ಲ.

“ಸಾಕು ಬಿಡ್ರೀ, ನಂಗೆ ಚಳಿ ಅಭ್ಯಾಸ ಆಗಿದೆ,” ಎಂದಳು, ಟಾರ್ಚ್ ಹಿಡಿದು ನಿಂತಿದ್ದ ಹೆಂಡತಿ.

“ನಿಂಗೋಸ್ಕರ ತಾನೇ ಒದ್ದಾಡ್ತಿರೋದು! ಸರಿಯಾಗಿ ಹಿಡಿ.”

ಸೊಂಟ ಹಿಡಿದುಕೊಂಡಿತ್ತು. ನರಳುತ್ತಲೇ ಡ್ಯಾಶ್‌ಬೋರ್ಡಿನಡಿ ಕೈ ತೂರಿಸಿ ಗಾಳಿಯ ಕೊಳವೆ ಕಿತ್ತ. ಒಳಗೆ ಯಾರೋ ಗಟ್ಟಿಯಾಗಿ ಬಟ್ಟೆ ತುರುಕಿದ್ದರು. ಎಳೆದು ನೋಡಿದರೆ ಹೆಂಡತಿಯ ಹಳೇ ಹಸಿರು ಸೀರೆಯ ತುಂಡು.

“ಇದನ್ನ ಇಲ್ಲಿ ತುರುಕಿದ್ದು ಯಾರೇ?”

“ನಾನೇ.”

“ತಲೆ ಕೆಟ್ಟಿದ್ಯಾ ನಿಂಗೆ? ಮೂರು ವಾರದಿಂದ ನಾನು ಸಾಯ್ತಿದ್ರೆ ಸುಮ್ನೆ ನೋಡ್ಕೊಂಡು ನಿಂತಿದ್ದೀಯಲ್ಲ!”

ಅವಳು ಟಾರ್ಚ್ ಆರಿಸಿದಳು.

“ಅವತ್ತು ಯಾವ ನಾಯೀನೂ ಅಡ್ಡ ಬಂದಿರ್ಲಿಲ್ಲ ರೀ. ಒಳಗೆ ಬೆಚ್ಚಗಿತ್ತು, ನೀವು ನಿದ್ದೆ ಹೋಗಿದ್ರಿ.”