ಬೆಲ್‌ಫಾಸ್ಟಿಗೆ ಎರಡು ಸ್ಟಿಕ್ಕರು

ಖುಶ್ನುಮಾಳ ಎಡಗೈಯಲ್ಲಿ ಯುರೋಪಿನ ಗುಣಮಟ್ಟದ ಮುದ್ರೆಯಿದ್ದ ಸ್ಟಿಕ್ಕರ್ ಸುರುಳಿ, ಬಲಗೈಯಲ್ಲಿ ಬ್ರಿಟನ್ನಿನ ಹೊಸ ಮುದ್ರೆಯದು. ಎದುರಿಗೆ ಬೆಲ್‌ಫಾಸ್ಟಿನ ಆಸ್ಪತ್ರೆಯೊಂದಕ್ಕೆ ಹೊರಟ ರಬ್ಬರ್ ಕೈಗವಸುಗಳ ಪೆಟ್ಟಿಗೆಗಳು. ಮಲೇಶಿಯಾದ ನಿಲಾಯ್‌ನ ಆ ಗೋದಾಮಿನ ಬಾಗಿಲಲ್ಲಿ ಲಾರಿ ಆಗಲೇ ಗುರುಗುಟ್ಟುತ್ತಿತ್ತು. ಬ್ರಿಟನ್ ಯುರೋಪಿನ ವ್ಯಾಪಾರ ಒಕ್ಕೂಟದಿಂದ ಪೂರ್ತಿ ಹೊರಬಿದ್ದು ಇನ್ನೂ ತಿಂಗಳಾಗಿರಲಿಲ್ಲ.

"ಬೆಲ್‌ಫಾಸ್ಟ್ ಅಂದ್ರ ಬ್ರಿಟನ್ನೇ ಅಲ್ಲೇನ್ರೀ?" ಎಂದು ಫೋನಿನಲ್ಲಿ ಕೇಳಿದಳು.

"ದೇಶ ಬ್ರಿಟನ್ನು, ರೂಲ್ಸ್ ಮಾತ್ರ ಯುರೋಪಿಂದಂತೆ," ಎಂದ ಮ್ಯಾನೇಜರ್ ಭುವನ್, ಲಾಕ್‌ಡೌನಿನಿಂದಾಗಿ ರಾಜಧಾನಿಯ ಬಾಂಗ್ಸಾರ್‌ ಬಡಾವಣೆಯ ತನ್ನ ಮನೆಯಲ್ಲೇ ಕೂತು. "ಅಲ್ಲಿಯವ್ರನ್ನೇ ಕೇಳ್ದೆ ಕಣ್ರೀ, ನೀವೇ ನೋಡಿ ಹೇಳಿ ಅಂದ್ರು! ತಪ್ಪಾದ್ರೆ ಮಾಲು ಬಂದರಲ್ಲೇ ಕೊಳೆಯುತ್ತೆ. ಆಸ್ಪತ್ರೇಲಿ ಗ್ಲೌಸು ಮುಗೀತಾ ಬಂದಿದೆ."

ಖುಶ್ನುಮಾಗೆ ತಟ್ಟನೆ ತನ್ನೂರು ಬೆಳಗಾವಿ ನೆನಪಾಯಿತು. ಇದು ಯಾರ ಊರು ಎಂಬ ಜಗಳದ ನಡುವೆಯೇ ಅಬ್ಬಾ ತಮ್ಮ ಹೊಲಿಗೆ ಅಂಗಡಿಗೆ ಕನ್ನಡದ್ದೊಂದು, ಮರಾಠಿಯದ್ದೊಂದು ಬೋರ್ಡು ಹಾಕಿಸಿದ್ದರು. ಅವಳಿಗೆ ನಗುವೇ ಬಂತು. "ತಲಿ ಯಾಕ ಕೆಡಿಸ್ಕೋತೀರಿ? ಎರಡೂ ಹಚ್ಚಿಬಿಡ್ತೀನಿ ತಗೋರಿ," ಎಂದು ಫೋನಿಟ್ಟಳು.

ಪ್ಯಾಕಿಂಗ್ ಮಾಡುವ ಸೆಲ್ವಿ ಎರಡೂ ಸುರುಳಿಗಳನ್ನು ಇಸಿದುಕೊಂಡು ಪೆಟ್ಟಿಗೆಯ ಮುಂದೆ ಬಗ್ಗಿದಳು. ಒಂದೊಂದು ಸ್ಟಿಕ್ಕರ್ ಬಿಡಿಸಿಕೊಂಡವಳು ತಲೆಯೆತ್ತಿ, ತನ್ನ ತಮಿಳಿನಲ್ಲಿ ಕೇಳಿದಳು: "ಯಾವುದು ಮೇಲೆ ಅಕ್ಕಾ, ಯಾವುದು ಕೆಳಗೆ?"

ಖುಶ್ನುಮಾ ಅವಳ ಕೈಯಿಂದ ಎರಡೂ ಸ್ಟಿಕ್ಕರ್ ಹಿಂದಕ್ಕೆ ತೆಗೆದುಕೊಂಡಳು. ಅಬ್ಬಾನ ಅಂಗಡಿಗೆ ಕಲ್ಲು ಬಿದ್ದದ್ದು ಇದೇ ಪ್ರಶ್ನೆಗೆ.