ಹಲಗೆಯ ನಡುವಿನ ಬಳ್ಳಿ

ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯನ್ನು ಹಿಂಡಿಕೊಂಡು ಮಗಳು ಮತ್ತೆ ಏಣಿ ಹತ್ತಿದಳು. ಬಾಗಿಲ ಮೇಲಿನ ಹಲಗೆಯನ್ನು ಉಜ್ಜಲು ಹತ್ತಿದ್ದು ಬೆಳಿಗ್ಗೆಯಿಂದ ಇದು ಮೂರನೆಯ ಸಲ.

ಅಪ್ಪ ಬೋರ್ಡು ಬರೆಯುವವನು. ಚರ್ಚಿನ ಸಭೆಯ ಹಿರಿಯ ಬೇರೆ. ಈ ಊರಿಗೆ ಬರುವಾಗ ಹೊತ್ತು ತಂದ ಹಲಗೆ ಅದು. ತಂದೆಯನ್ನು ಸನ್ಮಾನಿಸಬೇಕೆಂಬ ದೇವರ ಆಜ್ಞೆ, ದಪ್ಪ ಕೆಂಪಕ್ಷರದಲ್ಲಿ. ಅಂದಕ್ಕೆ ನಡುವೆ ಒಂದು ಹಸಿರು ಬಳ್ಳಿ.

"ವಾಕ್ಯ ಅಳಿಸ್ತಿದ್ದೀಯೇನೇ?" ಪಕ್ಕದ ಮನೆಯ ದರ್ಜಿಯಮ್ಮ ಗೇಟಿಗೆ ಒರಗಿ ಕೇಳಿದಳು. "ಅಪ್ಪ ಲಕ್ವ ಹೊಡೆದು ಹಾಸಿಗೆ ಹಿಡಿದು ಮೂರು ತಿಂಗಳಾಗಿಲ್ಲ, ಆಗಲೇ ದೇವರ ಮಾತೂ ಬೇಡವಾಯ್ತಾ?"

"ಕೊಳೆ ತೆಗೀತಿದ್ದೀನಿ ಅಕ್ಕ."

"ಕೊಳೆಯಂತೆ. ಅಪ್ಪನ ಮಂಚ ದೊಡ್ಡ ಕೋಣೆಯಿಂದ ಹಿತ್ತಿಲ ಕೋಣೆಗೆ ಹೋಯ್ತಂತೆ. ಪರವೂರಿನ ಆಶ್ರಮಕ್ಕೆ ಕಾಗದ ಹೋಗುತ್ತಂತೆ. ಹೋದ ತಿಂಗಳು ಅಲ್ಲಿ ಬೋರ್ಡು ಬರೆಯೋಕೆ ಹೋದಾಗಲೇ ಎಲ್ಲ ವಿಚಾರಿಸಿಕೊಂಡು ಬಂದೆ ಅನ್ನು."

"ವಿಚಾರಿಸಿದೆ. ಒಳಗೆ ಹೋಗಲಿಲ್ಲ."

"ತಾಯಿ ಇಲ್ಲದ ಮಗು ಅಂತ ಕೈ ಹಿಡಿದು ಕರಕೊಂಡು ಬಂದ ಮನುಷ್ಯ ಕಣೇ. ಹೋದ ವಾರ ಎಡಗೈಯಲ್ಲಿ ಸಹಿ ಹಾಕಿ ಮನೇನೂ ನಿನ್ನ ಹೆಸರಿಗೆ ಬರೆದರು. ಶಾಯಿಯಾದರೂ ಒಣಗಲಿ."

"‘ನನ್ನ ಮಾತು ಮೀರದವಳು’ ಅಂತ ಅವರೇ ಬರೆದುಕೊಟ್ಟದ್ದು, ಅಕ್ಕ."

ಅದು ನಿಜ. ಶಾಲೆ ಬಿಡು ಅಂದಾಗ ಬಿಟ್ಟಳು. ಬ್ರಷ್ ಹಿಡಿ ಅಂದಾಗ ಹಿಡಿದಳು. ಬಂದ ಗಂಡುಗಳನ್ನೆಲ್ಲ ಬಾಗಿಲಿಂದಲೇ ತಿರುಗಿಸಿದಾಗ ಕಣ್ಣೆತ್ತಲಿಲ್ಲ. ಹದಿನಾಲ್ಕರ ವಯಸ್ಸಿನಲ್ಲಿ ಬರೆದ ಕಾಗದವೊಂದು ಅಪ್ಪನ ಕೈಗೆ ಸಿಕ್ಕಾಗ, "ಈ ಮನೆ ನನ್ನದಾಗಿರೋ ತನಕ ಇದು ಹೊಸಿಲು ದಾಟಕೂಡದು" ಎಂದಿದ್ದ. ದಾಟಿಸಲಿಲ್ಲ. ಪೆಟ್ಟಿಗೆಯ ತಳದಲ್ಲಿಟ್ಟು ಇಪ್ಪತ್ತು ವರ್ಷ ಹಲ್ಲು ಕಚ್ಚಿಕೊಂಡಿದ್ದಳು. ವಿಧೇಯತೆಯನ್ನು ಚಾಕುವಿನಂತೆ ದಿನಾ ಮಸೆಯುತ್ತಿದ್ದಳು.

ಬಳ್ಳಿ ಸಿಪ್ಪೆಸಿಪ್ಪೆಯಾಗಿ ಏಳತೊಡಗಿತು. ವಾರ್ನಿಷ್ ಬಳಿದುದರ ಮೇಲೆ ಮತ್ತೆ ಬಣ್ಣ ಹಚ್ಚಬೇಡ, ನಿಲ್ಲೋದಿಲ್ಲ ಎಂದು ಅವಳಿಗೆ ಕಲಿಸಿದವನೇ ಅಪ್ಪ. ಕೋಪದಲ್ಲಿ ತಾನೇ ಅದನ್ನು ಮರೆತಿದ್ದ.

ಒಳಗಿನಿಂದ ಅವನ ದನಿ ಕೇಳಿತು. ನೆನೆಯಲೆಂದು ಬಟ್ಟೆಯನ್ನು ಬಳ್ಳಿಯ ಮೇಲೆ ಅಂಟಿಸಿ ಇಳಿದಳು.

ಅಪ್ಪನ ಕಣ್ಣು ಕಿಟಕಿಯಲ್ಲಿದ್ದ ಲಕೋಟೆಯ ಮೇಲೆ ನೆಟ್ಟಿತ್ತು. ಅದರ ಮೇಲೆ ಆಶ್ರಮದ ವಿಳಾಸ.

"ಅದನ್ನ ಹಾಕಬೇಡ." ಬಾಯಿಯ ಅರ್ಧ ಮಾತ್ರ ಅಲುಗಿತು. "ಇರೋ ನಾಲ್ಕು ದಿನ ನೆಮ್ಮದಿಯಾಗಿರೋಕೆ ಬಿಡು. ಆಜ್ಞೆ ಮರೆತೆಯಾ?"

"ಮರೆತಿಲ್ಲಪ್ಪ. ಪೂರ್ತಿ ನೆನಪಿದೆ." ದಿಂಬು ಸರಿಪಡಿಸಿ ನೀರು ಕುಡಿಸಿದಳು, ಬಾಯಿ ಒರೆಸಿದಳು. ಕೈ ಮೃದುವಾಗಿತ್ತು, ಮುಖ ಅಲ್ಲ. "ನಾನು ಏನು ಮಾಡಿದರೂ ನಿಮ್ಮ ಮಾತಿನ ಒಳಗೇ. ಹೇಳಿ, ಈ ಮನೆ ಈಗ ಯಾರದು?"

ಉತ್ತರ ಅವನಿಗೆ ಗೊತ್ತಿತ್ತು. ದೇವರ ಹೆಸರಲ್ಲಿ ಬೀದಿಗೆಲ್ಲ ಬುದ್ಧಿ ಹೇಳಿದ ಮನುಷ್ಯ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡ. ಆ ಹೆದರಿಕೆಯನ್ನು ಅವಳು ಒಂದು ಗಳಿಗೆ ನಿಂತು, ಕಣ್ತುಂಬ ನೋಡಿದಳು.

ಲಕೋಟೆ ಹಳದಿಗಟ್ಟಿತ್ತು. ಮಾಸಿದ ಅಂಚೆಚೀಟಿಯ ಪಕ್ಕ ಹೊಸದೆರಡು ಅಂಟಿಸಿಕೊಂಡು ಹೊರಬಂದಳು.

ದರ್ಜಿಯಮ್ಮ ಗೇಟಿನಲ್ಲೇ ಇದ್ದಳು, ಕಣ್ಣು ಹಲಗೆಯ ಮೇಲಿತ್ತು. ಬಟ್ಟೆ ಜಾರಿ ಬಿದ್ದು, ಗೋಡೆಯುದ್ದಕ್ಕೂ ಹಸಿರು ಇಳಿದಿತ್ತು. ಬಳ್ಳಿ ಇದ್ದಲ್ಲಿ ಅದೇ ಕೆಂಪು, ಅದೇ ದಪ್ಪ: ‘ತಾಯಿಯನ್ನು’.

"ನಿಮ್ಮಮ್ಮ ತೀರಿಹೋದರು ಅಂದಿದ್ದರಲ್ಲೇ ನಿಮ್ಮಪ್ಪ?"

"ಅವರು ಅಂದಿದ್ದರು. ನಾನು ಯಾವತ್ತೂ ಅಂದಿಲ್ಲ."

ಬೀದಿಯ ಮೂಲೆಯ ಅಂಚೆಪೆಟ್ಟಿಗೆಯ ಮುಂದೆ ನಿಂತು ಅವಳು ವಿಳಾಸವನ್ನು ಕೊನೆಯ ಸಲ ಓದಿಕೊಂಡಳು. ಒಂದು ಎದುರುಮಾತಿಗೆ ಅಪ್ಪ ಹೊರಹಾಕಿದ್ದ ಹೆಂಗಸು, ಆಶ್ರಮದ ಅಡುಗೆಮನೆಯಲ್ಲಿ ಇಂದಿಗೂ ಪಾತ್ರೆ ತಿಕ್ಕುತ್ತಿರುವವಳು. ‘ಅಮ್ಮ, ಮನೆಗೆ ಬಾ’ ಎಂಬ ಮಗುವಿನ ಅಕ್ಷರದ ಕೆಳಗೆ ಇವತ್ತು ಸೇರಿಸಿದ್ದು ಇಷ್ಟೇ: ‘ದೊಡ್ಡ ಕೋಣೆ ನಿನಗೆ. ಅಪ್ಪನನ್ನ ಏನು ಮಾಡಬೇಕೋ ನೀನೇ ಹೇಳು, ನಿನ್ನ ಮಾತು ಮೀರೋದಿಲ್ಲ.’

ಲಕೋಟೆ ಪೆಟ್ಟಿಗೆಯ ತಳಕ್ಕೆ ಬಿದ್ದ ಸದ್ದು ಕೇಳಿಯೇ ಅವಳು ಹಿಂತಿರುಗಿದಳು.