ಖಾಲಿ ನೀರು

"ಆ ಬನಿಯನ್ ಕೆಳಗಿಡ್ರಿ! ಸತ್ತವನ ಬಟ್ಟೇನ ಮಡಕೆಗೆ ತೊಡಿಸಿ ಕೆರೆಗೆ ಬಿಡೋಕೆ ಹೊರಟಿದ್ದೀರಲ್ಲ, ತಲೆ ನೆಟ್ಟಗಿದೆಯಾ ನಿಮಗೆ?"

"ನನ್ನ ತಮ್ಮನ ಬನಿಯನ್. ನಿಂಗೇನು ಕಷ್ಟ?"

"ಜನ ನಗ್ತಾರೆ."

"ಎರಡು ವರ್ಷದಿಂದ ಉಗೀತಿದ್ದಾರೆ. ನಕ್ಕರೆ ವಾಸಿ. ಅಡ್ಡ ಬರಬೇಡ, ಮೋಡ ಚದುರೋ ಮುಂಚೆ ಹೋಗ್ಬೇಕು."

ಫೋಟೋದವನು ಕ್ಯಾಮೆರಾ ಹೆಗಲಿಗೇರಿಸಿ ಅಂಗಡಿಯ ಮೆಟ್ಟಿಲಿಳಿದ. ಹೆಂಡತಿ ತನ್ನ ಮೇಜಿನ ಮುಂದೆ ಧೊಪ್ಪನೆ ಕುಳಿತದ್ದು ಬೀದಿಗೂ ಕೇಳಿಸಿತು. ಫೋಟೋ ತೆಗೆಯುವುದು ಅವನ ಕೆಲಸ, ತಿದ್ದುವುದು ಅವಳದು. ಮೂರು ಕೂದಲಿನ ಕುಂಚ, ಒಂದು ಬಟ್ಟಲು ಬೂದು ಬಣ್ಣ. ಮದುಮಗಳ ಮೊಡವೆ, ಮುದುಕರ ಮಚ್ಚೆ, ಧೂಳು ಕೂತು ಬಿದ್ದ ಬಿಳಿ ಚುಕ್ಕೆ, ಎಲ್ಲ ಮಂಗಮಾಯ. "ಬಿಳಿ ಚುಕ್ಕೆ ಕಂಡ್ರೆ ನನ್ನ ಕೈ ಸುಮ್ನಿರಲ್ಲ" ಎಂದು ಗಿರಾಕಿಗಳ ಮುಂದೆ ನಗುತ್ತಿದ್ದಳು. ಎರಡು ವರ್ಷದಿಂದ ಆ ನಗು ನಿಂತಿತ್ತು.

ಕೆರೆ ಕಾಲುಗಂಟೆಯ ದಾರಿ. ಆಕಾಶ ತಮ್ಮ ಸತ್ತ ದಿನದ ಹಾಗೆಯೇ ತೊಳೆಯದ ಪಾತ್ರೆಯ ಬಣ್ಣಕ್ಕಿತ್ತು. ಈ ಮಂಕು ಬೆಳಕಿಗಾಗಿ ಅವನು ತಿಂಗಳುಗಟ್ಟಲೆ ಕಾದಿದ್ದ. ಅವತ್ತು ತಮ್ಮ ಸ್ಟ್ಯಾಂಡ್ ಹೊತ್ತು ಜೊತೆಗೆ ಬಂದಿದ್ದ. ಈಜುವ ಹುಮ್ಮಸ್ಸಿನಲ್ಲಿ ಅಂಗಿ ಕಳಚಿ ಬಿಳಿ ಬನಿಯನ್‌ನಲ್ಲಿ ನಿಂತಿದ್ದ. "ನೀರು ಖಾಲಿ ಕಾಣ್ಬೇಕು, ಆಚೆ ತೊಲಗೋ ಕತ್ತೆ!" ಎಂದು ಇವನೇ ಗದರಿದ್ದ. ತಮ್ಮ ಮುಖ ಊದಿಸಿಕೊಂಡು ಬಂಡೆಯ ಹಿಂದೆ ಹೋದ. ಇವನು ಒಂದೇ ಒಂದು ಫೋಟೋ ತೆಗೆದು, ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾನೆಂದು ಓಡಿಬಂದ. ತಿರುಗಿ ನೋಡಲಿಲ್ಲ. ಸಂಜೆ ಹೆಣ ಸಿಕ್ಕಿತು.

"ನೀನು ಕ್ಯಾಮೆರಾ ಹಿಡ್ಕೊಂಡು ನಿಂತಿದ್ದಾಗ್ಲೇ ನನ್ನ ಮಗ ಮುಳುಗಿದ್ದಾನೆ" ಎಂದ ಅಮ್ಮ, ಬಟ್ಟೆಗಂಟು ಕಟ್ಟಿಕೊಂಡು ಮಗಳ ಮನೆ ಸೇರಿದಳು. ಅವತ್ತಿನಿಂದ ಮಾತಿಲ್ಲ.

ಅವತ್ತಿನ ಫೋಟೋ, ಹೆಂಡತಿಯೇ ತೊಳೆದು ಪ್ರಿಂಟ್ ಹಾಕಿದ್ದು, ಅಂಗಡಿಯ ಗೋಡೆಯ ಮೇಲಿದೆ. ನೀರು ಖಾಲಿ. ಆದರೆ ಈ ಬೆಳಕಿನಲ್ಲಿ ಅಷ್ಟು ದೂರದ ಮನುಷ್ಯ ಮೂಡುತ್ತಾನೋ ಇಲ್ಲವೋ? ನೆಗೆಟಿವನ್ನೇ ನೋಡೋಣವೆಂದರೆ, ಒದ್ದೆಯಾಗಿ ಹಾಳಾಯಿತೆಂದು ಹೆಂಡತಿ ಎಸೆದಿದ್ದಳು.

ಮೀನಿನವನು ತೆಪ್ಪದಲ್ಲಿ ಹೋಗಿ, ಹೆಣ ಸಿಕ್ಕ ಜಾಗದಲ್ಲೇ ಬನಿಯನ್ ತೊಟ್ಟ ಮಡಕೆಯನ್ನು ತೇಲಿಬಿಟ್ಟ. "ಇದೇನ್ ಸ್ವಾಮಿ, ಬೆದರುಬೊಂಬೆಗೆ ಈಜು ಕಲಿಸ್ತಿದ್ದೀರಾ?" ಎಂದು ಕೂಗಿದ. ಇವನು ನಗಲಿಲ್ಲ. ಅದೇ ಬಂಡೆ, ಅದೇ ಕ್ಯಾಮೆರಾ. ಉಸಿರು ಬಿಗಿಹಿಡಿದು ಗುಂಡಿ ಒತ್ತಿದ.

ನೆಗೆಟಿವ್‌ನಲ್ಲಿ ಬನಿಯನ್ ಕರಿ ಚುಕ್ಕೆಯಾಗಿ ಕಂಡಿತು. ಕಾಗದದ ಮೇಲೆ ಬಿಳಿಯಾಗಿ, ಸಾಸಿವೆಯಷ್ಟು. ಹಸಿ ಫೋಟೋ ಹಿಡಿದು ಕತ್ತಲೆ ಕೋಣೆಯಿಂದ ಹುಚ್ಚನಂತೆ ಓಡಿಬಂದ.

"ಮೂಡಿದೆ ನೋಡೇ! ಅವತ್ತು ಅವನು ನೀರಲ್ಲಿದ್ದಿದ್ರೆ ಹೀಗೇ ಮೂಡ್ಬೇಕಿತ್ತು. ಗೋಡೆ ಮೇಲಿರೋದ್ರಲ್ಲಿ ಎಲ್ಲಿದೆ? ಇಲ್ಲ! ನಾನು ಬಂದ್ಮೇಲೆ ನೀರಿಗಿಳಿದಿದ್ದಾನೆ. ನಾನು ನೋಡ್ತಾ ನಿಂತಿರ್ಲಿಲ್ಲ ಕಣೇ!"

ದೊಡ್ಡ ಗಂಡಸು ಗೊಳೋ ಎಂದು ಅತ್ತ. ಹೆಂಡತಿ ಗೋಡೆಯ ಕಡೆ ತಿರುಗಲಿಲ್ಲ.

"ಅತ್ತೆಗೆ ತೋರಿಸ್ತೀರಾ?"

"ಸ್ನಾನ ಮಾಡ್ಕೊಂಡು ಈಗ್ಲೇ ಹೊರಟೆ. ಎರಡೂ ಫೋಟೋ ತೋರಿಸಿ ಕರ್ಕೊಂಡೇ ಬರ್ತೀನಿ. ಇದನ್ನ ಒಣಗಿಸಿಡು. ಕುಂಚ ಮುಟ್ಟಿಸೀಯಾ ಮತ್ತೆ, ಚುಕ್ಕೆ ಇರ್ಲಿ."

"ಹೂಂ. ಇರ್ಬೇಕಿತ್ತು" ಎಂದಳು.

ಅವನು ಸ್ನಾನ ಮುಗಿಸಿ, ಮಡಿಸಿಟ್ಟ ಅಂಗಿ ತೊಟ್ಟು ಬಂದಾಗ ಅವಳ ಕುರ್ಚಿ ಖಾಲಿ. ಬಾಗಿಲಲ್ಲಿ ಚಪ್ಪಲಿಯಿಲ್ಲ. ಹಾಲು ತರಲು ಹೋಗಿರಬೇಕು ಅಂದುಕೊಂಡ. ಆ ಮೆಟ್ಟಿಲನ್ನು ಅವಳು ಮತ್ತೆಂದೂ ಹತ್ತಲಿಲ್ಲ.

ಮೇಜಿನ ಮೇಲೆ ಹೊಸ ಫೋಟೋ ಒಣಗಿತ್ತು. ಅದರಲ್ಲಿ ಚುಕ್ಕೆ ಇರಲಿಲ್ಲ. ಗೋಡೆಯ ಮೇಲಿನದರ ಹಾಗೆಯೇ ಖಾಲಿ ನೀರು. ಕುಂಚ ಆಡಿದ ಗುರುತೂ ಇಲ್ಲ. ಅದರ ಪಕ್ಕದಲ್ಲಿ, ಎರಡು ವರ್ಷದ ಹಿಂದೆ ಹಾಳಾಯಿತೆಂದು ಅವಳು ಹೇಳಿದ್ದ ನೆಗೆಟಿವ್. ಅದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದ.

ನೀರಿನ ನಡುವೆ ಸಾಸಿವೆಯಷ್ಟು ಕರಿ ಚುಕ್ಕೆ. ಅದರಿಂದ ಮೇಲೆದ್ದು, ಕ್ಯಾಮೆರಾ ಹಿಡಿದು ನಿಂತವನನ್ನು ಕರೆಯುತ್ತಿದ್ದ, ಕೂದಲೆಳೆಯಷ್ಟು ತೆಳ್ಳಗಿನ ಒಂದು ಕೈ.